ಕೊಲ್ಹಾರದ ಹಿನ್ನೀರಿನಲ್ಲಿ ಮಿಂಚುಳ್ಳಿ

ವಿಜಯಪುರದಿಂದ ಹುಬ್ಬಳ್ಳಿಯ ಬಸ್ಸು ಹಿಡಿದವರಿಗೆ ಕೊಲ್ಹಾರ ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯ ಕೆಳಗೆ ಮೊಸರಿನ ಗಡಿಗೆಗಳು ಬಂದು ನಿಲ್ಲುತ್ತವೆ. ಎಮ್ಮೆ ಹಾಲನ್ನು ಹದವಾಗಿ ಕಾಯಿಸಿ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು ಅದು. ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಅಲುಗದು ಎಂಬುದು ಇಲ್ಲಿಯವರ ಹೆಮ್ಮೆ. ಮೊಸರು ಕೊಂಡು, ಚಿಲ್ಲರೆ ಎಣಿಸಿಕೊಳ್ಳುವಷ್ಟರಲ್ಲಿ ಬಸ್ಸು ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆಯನ್ನು ಏರಿರುತ್ತದೆ. ಈಚೆ ದಂಡೆಗೆ ಕೊಲ್ಹಾರ, ಆಚೆ ದಂಡೆಗೆ ಬೀಳಗಿ ತಾಲ್ಲೂಕಿನ ಕೊರ್ತಿ. ನಡುವೆ ಸಮುದ್ರದಂತೆ ನೀರು. ಎಷ್ಟೋ ವರ್ಷ ನಾನು ಈ ದಾರಿಯಲ್ಲಿ ಓಡಾಡಿದ್ದೇನೆ. ಆದರೆ ಮೊಸರಿಗಲ್ಲದೆ ಬೇರೆ ಕಾರಣಕ್ಕೆ ಕೊಲ್ಹಾರದಲ್ಲಿ ಇಳಿದದ್ದು ಕಳೆದ ಮಾರ್ಚಿಯಲ್ಲಿಯೇ ಮೊದಲು.

ಕಾರಣ ನನ್ನ ಅಕ್ಕನ ಮಗಳು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಹುಡುಗಿ. ನಿಮಗೆ ಇಷ್ಟವಾದ ಒಂದು ಹಕ್ಕಿಯ ಬಗ್ಗೆ ನೋಡಿ ಬರೆದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಅವಳು ಹಳೆಯ ಕ್ಯಾಲೆಂಡರಿನಿಂದ ಒಂದು ಚಿತ್ರ ಕತ್ತರಿಸಿ ಇಟ್ಟುಕೊಂಡಿದ್ದಳು. ತೆಂಗಿನ ಗರಿಯ ಮೇಲೆ ಕುಳಿತ ನೀಲಿ ಹಕ್ಕಿ. ಕೊರಳ ಸುತ್ತ ಬಿಳಿ ಪಟ್ಟಿ. ಹಿಂದೆ ಹಸಿರು ಸಮುದ್ರ. ಕೆಳಗೆ ‘ದ್ವೀಪದ ಮಿಂಚುಳ್ಳಿ’ ಎಂದಷ್ಟೇ ಇತ್ತು.

“ಮಾಮಾ, ಇದು ನಮ್ಮ ಹೊಳಿಯಾಗ ಸಿಗ್ತೈತೇನು?” ಎಂದಳು.

ಸಿಗುವುದಿಲ್ಲ. ಆ ಚಿತ್ರದ್ದು ಕೊರಳಪಟ್ಟಿಯ ಮಿಂಚುಳ್ಳಿ. ನಮ್ಮ ದೇಶದಲ್ಲಿ ಅದನ್ನು ನೋಡಬೇಕಾದರೆ ಅಂಡಮಾನ್ ನಿಕೋಬಾರಿಗೆ ಹೋಗಬೇಕು, ಇಲ್ಲವೆ ಸುಂದರಬನದಂತಹ, ಒಡಿಶಾದ ಭಿತರಕನಿಕಾದಂತಹ ಉಪ್ಪುನೀರಿನ ಕಾಂಡ್ಲಾ ಕಾಡುಗಳಿಗೆ ಹೋಗಬೇಕು. ಗೊರವಂಕಕ್ಕಿಂತ ತುಸು ದೊಡ್ಡ ಹಕ್ಕಿ. ಬೆನ್ನು, ರೆಕ್ಕೆ, ಬಾಲ ಹಸಿರು ಬೆರೆತ ನೀಲಿ. ಎದೆ ಹೊಟ್ಟೆ ಅಚ್ಚ ಬಿಳಿ. ಕಣ್ಣಿನ ಮೇಲೆ ಹಾದು ಹೋಗುವ ಕಪ್ಪು ಗೆರೆ. ತಲೆಗೆ ಭಾರವಾಯಿತೇನೋ ಎನ್ನಿಸುವ ದಪ್ಪ ಕೊಕ್ಕು. ಮಿಂಚುಳ್ಳಿ ಎಂದ ಕೂಡಲೆ ಮೀನು ನೆನಪಾಗುತ್ತದೆಯಲ್ಲವೆ? ಈ ಹಕ್ಕಿಗೆ ಮೀನೇ ಆಗಬೇಕೆಂದಿಲ್ಲ. ನೀರಿಳಿತದ ಹೊತ್ತಿಗೆ ಕೆಸರಿನಲ್ಲಿ ಹೊರಬರುವ ಏಡಿಗಳು, ಮಿಡತೆ, ಹಲ್ಲಿ, ಓತಿಕ್ಯಾತ ಇವೇ ಅದರ ಮುಖ್ಯ ಊಟ. ಏಡಿಯನ್ನು ಹಿಡಿದರೆ ಕೊಂಬೆಗೆ ಬಡಿಬಡಿದು ಕಾಲು ಕಳಚಿ ನುಂಗುತ್ತದೆ. ಗೂಡು ಮಾಡುವುದು ಮರದ ಪೊಟರೆಯಲ್ಲಿ, ಇಲ್ಲವೆ ಮರಕ್ಕೆ ಅಂಟಿಕೊಂಡ ಗೆದ್ದಲಿನ ಗೂಡನ್ನು ಕೊರೆದು.

ಜಗತ್ತಿನಲ್ಲಿ ನೂರಕ್ಕಿಂತ ಹೆಚ್ಚು ಬಗೆಯ ಮಿಂಚುಳ್ಳಿಗಳಿವೆ. ಅವುಗಳಲ್ಲಿ ಬಹಳಷ್ಟು ಇರುವುದು ಇಂಡೋನೇಷ್ಯ, ನ್ಯೂಗಿನಿ ಮತ್ತು ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ. ಒಂದೊಂದು ದ್ವೀಪಕ್ಕೆ ಒಂದೊಂದು ಬಗೆ ಎನ್ನುವಂತೆ ಬೇರೆಲ್ಲಿಯೂ ಸಿಗದ ಹಕ್ಕಿಗಳು ಅಲ್ಲಿವೆ. ಕೇಳಲು ಚೆಂದ. ಆದರೆ ಒಂದೇ ದ್ವೀಪವನ್ನು ನಂಬಿದ ಹಕ್ಕಿಗೆ ಓಡಿ ಹೋಗಲು ಇನ್ನೊಂದು ಊರಿಲ್ಲ. ಗುವಾಮ್ ದ್ವೀಪದ ಸಿಹೆಕ್ ಎಂಬ ಮಿಂಚುಳ್ಳಿಯ ಕಥೆ ಹಾಗೆಯೇ ಆಯಿತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಹಡಗಿನ ಸರಕಿನೊಡನೆ ಕಂದು ಬಣ್ಣದ ಮರಹಾವು ಆ ದ್ವೀಪಕ್ಕೆ ಬಂದಿಳಿಯಿತು. ಹಾವನ್ನೇ ಕಾಣದೆ ಬೆಳೆದ ಹಕ್ಕಿಗಳು. ರಾತ್ರಿ ಮರವೇರಿ ಮೊಟ್ಟೆ ಮರಿ ನುಂಗುವ ವೈರಿಯನ್ನು ಎದುರಿಸುವುದು ಅವಕ್ಕೆ ಗೊತ್ತಿರಲಿಲ್ಲ. 1984ರಿಂದ 1986ರವರೆಗೆ ಉಳಿದಿದ್ದ ಸಿಹೆಕ್‌ಗಳಲ್ಲಿ 29ನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಒಯ್ದರು. 1988ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಪಂಜರದಲ್ಲಿಯೇ ಹುಟ್ಟಿ ಬೆಳೆದ ಅವುಗಳ ಪೀಳಿಗೆಯ ಒಂಬತ್ತು ಹಕ್ಕಿಗಳನ್ನು 2024ರಲ್ಲಿ ಹಾವಿಲ್ಲದ ಪಾಮೈರಾ ಎಂಬ ಹವಳದ ದ್ವೀಪದಲ್ಲಿ ಬಿಟ್ಟರು. ತಮ್ಮ ಊರಿಗೆ ಹೋಗಲಾರದೆ ಬೇರೆಯವರ ಊರಿನಲ್ಲಿ ಅವು ಈಗ ಸಂಸಾರ ಹೂಡಬೇಕು.

ಇಷ್ಟು ಹೇಳಿದ ಮೇಲೆ ಹುಡುಗಿಯ ಮುಖ ಸಣ್ಣದಾಯಿತು. ಅದಕ್ಕೇ ಹೇಳಿದೆ: ದ್ವೀಪದ ಹಕ್ಕಿ ಬೇಡ, ಅದರ ಬಂಧುಗಳು ಕೊಲ್ಹಾರದಲ್ಲಿವೆ, ನೋಡಿಕೊಂಡು ಬರೋಣ. ಅಕ್ಕ ಬುತ್ತಿ ಕಟ್ಟಿದಳು. ನಸುಕಿನ ಬಸ್ಸಿಗೆ ಹೊರಟು, ಮುಳವಾಡ ದಾಟುವಾಗ ಬೆಳಗಾಯಿತು.

ಕೊಲ್ಹಾರದ ಕೃಷ್ಣೆ ಈಗ ಹೊಳೆಯಲ್ಲ, ಜಲಾಶಯ. ಕೆಳಗೆ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ನಾಲ್ಕು ದಶಕಗಳ ಕಾಲ ಕಟ್ಟಿಸಿಕೊಂಡು 2005ರಲ್ಲಿ ಪೂರ್ಣವಾಯಿತು. ಶಾಸ್ತ್ರಿಯವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಂತಾಗ ಸುಮಾರು 123 ಟಿಎಂಸಿ ಸಂಗ್ರಹ. ಆ ನೀರು ಹಿಂದೆ ಸರಿಯುತ್ತ ಸರಿಯುತ್ತ ಹಳೆಯ ಬಾಗಲಕೋಟೆಯ ಓಣಿಗಳನ್ನು ಹೊಕ್ಕಿತು. ಹಳೆಯ ಕೊಲ್ಹಾರವನ್ನೂ ಹೊಕ್ಕಿತು. ಊರು ಮೇಲಿನ ದಿಬ್ಬಕ್ಕೆ ಸರಿಯಿತು. ಪ್ರತಿವರ್ಷ ಜುಲೈ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದ ಮಳೆಯಿಂದ ಜಲಾಶಯ ತುಂಬುತ್ತದೆ, ಬೇಸಿಗೆ ಬರುವ ಹೊತ್ತಿಗೆ ಕಾಲುವೆಗಳಿಗೆ ಹರಿದು ಇಳಿಯುತ್ತದೆ. ಮಾರ್ಚಿಯಲ್ಲಿ ನಾವು ಹೋದಾಗ ನೀರು ಎಷ್ಟೋ ಹಿಂದಕ್ಕೆ ಹೋಗಿ, ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂತೆ ಎದ್ದು ನಿಂತಿತ್ತು. ಅಲ್ಲಲ್ಲಿ ಒಣಗಿದ ಜಾಲಿಯ ಬೊಡ್ಡೆಗಳು ನೀರಿನಿಂದ ತಲೆ ಎತ್ತಿದ್ದವು. ನಡುವೆ ಒಂದೆರಡು ಮಣ್ಣಿನ ದಿಬ್ಬಗಳು ಎದ್ದು ನಡುಗಡ್ಡೆಗಳಾಗಿದ್ದವು.

“ಇಲ್ಲೂ ದ್ವೀಪ ಐತಲ್ಲ ಮಾಮಾ” ಎಂದಳು ಹುಡುಗಿ. ಐದು ತಿಂಗಳು ಬಾಳಿ ಮುಳುಗುವ ದ್ವೀಪ.

ಹತ್ತು ನಿಮಿಷವೂ ಆಗಿರಲಿಲ್ಲ. ನೀರಿನ ಮೇಲೆ ಮೂರಾಳೆತ್ತರದಲ್ಲಿ ಒಂದು ಹಕ್ಕಿ ಬಂದು ಗಾಳಿಯಲ್ಲಿ ನಿಂತೇಬಿಟ್ಟಿತು. ಹಾರುತ್ತಿತ್ತು ಎನ್ನಲಾರೆ, ನಿಂತಿತ್ತು. ರೆಕ್ಕೆಗಳು ಪಟಪಟನೆ ಬಡಿಯುತ್ತಿದ್ದವು, ಮೈ ನೆಟ್ಟಗೆ ಇತ್ತು, ಕೊಕ್ಕು ನೇರ ನೀರಿನತ್ತ ಬಾಗಿತ್ತು, ತಲೆ ಒಂದಿಂಚೂ ಅಲುಗಲಿಲ್ಲ. ಮರುಕ್ಷಣ ರೆಕ್ಕೆ ಮಡಚಿ ಕಲ್ಲು ಬಿದ್ದಂತೆ ಬಿತ್ತು. ನೀರು ಚಿಮ್ಮಿತು. ಎದ್ದು ಬಂದಾಗ ಬಾಯಲ್ಲಿ ಬೆರಳುದ್ದದ ಬೆಳ್ಳಿ ಮೀನು.

ಇದು ಕಪ್ಪು-ಬಿಳಿ ಮಿಂಚುಳ್ಳಿ. ಕ್ಯಾಲೆಂಡರಿನ ನೀಲಿ ಇದಕ್ಕೆ ಇಲ್ಲ. ಮೈಯೆಲ್ಲ ಕಪ್ಪು ಬಿಳಿಯ ಚುಕ್ಕೆ, ಗೆರೆ; ತಲೆಯ ಮೇಲೆ ಕೆದರಿದ ಜುಟ್ಟು; ಉದ್ದನೆಯ ಕಪ್ಪು ಕೊಕ್ಕು. ಗಂಡಿನ ಎದೆಗೆ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾದದ್ದು. ಬಣ್ಣದಲ್ಲಿ ಬಡವನಾದರೂ ವಿದ್ಯೆಯಲ್ಲಿ ಇದರ ಸಮ ಯಾವ ಮಿಂಚುಳ್ಳಿಯೂ ಇಲ್ಲ ಎಂದು ನನ್ನ ಎಣಿಕೆ. ಉಳಿದ ಮಿಂಚುಳ್ಳಿಗಳಿಗೆ ಕೂರಲು ಕೊಂಬೆ ಬೇಕು. ಕೊಂಬೆಯಿಂದ ಹಾರಬೇಕು, ಹಿಡಿದ ಮೀನನ್ನು ಕೊಂಬೆಗೆ ತಂದು ಬಡಿಯಬೇಕು, ಆಮೇಲೆ ನುಂಗಬೇಕು. ಇದಕ್ಕೆ ಗಾಳಿಯೇ ಕೊಂಬೆ. ಸಣ್ಣ ಮೀನನ್ನಾದರೆ ಹಾರುತ್ತಲೇ ನುಂಗಬಲ್ಲದು. ಹಾಗಾಗಿ ದಂಡೆಯಿಂದ ಬಲುದೂರ, ಮರವಿಲ್ಲ ಮೆಳೆಯಿಲ್ಲ ಎಂಬಂಥ ನಡುನೀರಿನಲ್ಲಿಯೂ ಬೇಟೆಯಾಡುತ್ತದೆ. ಆಫ್ರಿಕದ ಕರೀಬಾ ಎಂಬ ಭಾರಿ ಜಲಾಶಯದಲ್ಲಿ ದಂಡೆ ಬಿಟ್ಟು ಕಿಲೋಮೀಟರುಗಟ್ಟಲೆ ಒಳಗೆ ಹೋಗಿ ಮೀನು ಹಿಡಿಯುವುದನ್ನು ಕಂಡಿದ್ದಾರೆ. ಆಣೆಕಟ್ಟಿನ ನೀರು ಎಷ್ಟೋ ಜೀವಗಳಿಗೆ ಮುಳುವಾಗುತ್ತದೆ. ಈ ಹಕ್ಕಿಗೆ ಮಾತ್ರ ಅದು ಹೊಸ ಹೊಲ.

ನೇರ ಕೆಳಗೆ ಏಕೆ ಬೀಳಬೇಕು, ಓರೆಯಾಗಿ ಬಂದರಾಗದೆ? ನೀರಿನ ಲೋಟದಲ್ಲಿ ಪೆನ್ಸಿಲು ಇಟ್ಟು ನೋಡಿದ ಮಕ್ಕಳಿಗೆ ಉತ್ತರ ಗೊತ್ತಿರಬೇಕು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಓರೆಯಿಂದ ನೋಡಿದರೆ ಮೀನು ಇರುವ ಕಡೆ ಕಾಣದೆ ಬೇರೆ ಕಡೆ ಕಾಣುತ್ತದೆ. ನೆತ್ತಿಯ ಮೇಲಿನಿಂದ ನೋಡಿದರೆ ಜಾಗ ತಪ್ಪುವುದಿಲ್ಲ, ಆಳ ಮಾತ್ರ ತಪ್ಪುತ್ತದೆ: ನಾಲ್ಕು ಅಡಿ ಕೆಳಗಿರುವ ಮೀನು ಮೂರೇ ಅಡಿಯಲ್ಲಿರುವಂತೆ ತೋರುತ್ತದೆ. ಅಷ್ಟನ್ನು ಸರಿಪಡಿಸಿಕೊಂಡರೆ ಸಾಕು. ಹುಡುಗಿ ಒಂದು ತಾಸಿನಲ್ಲಿ ಹನ್ನೊಂದು ಬೀಳುವಿಕೆ ಬರೆದುಕೊಂಡಳು. ಮೀನು ಸಿಕ್ಕದ್ದು ನಾಲ್ಕು ಸಲ. ವಿದ್ಯೆ ಬಲ್ಲವರಿಗೂ ಪಾಸಾಗುವುದು ಸುಲಭವಲ್ಲ!

ಅಷ್ಟರಲ್ಲಿ ಬಲೆ ಹೆಗಲಿಗೆ ಹಾಕಿಕೊಂಡು ಒಬ್ಬ ಅಜ್ಜ ಬಂದರು. ರಾತ್ರಿ ಬಿಟ್ಟ ಬಲೆಯನ್ನು ಎತ್ತಿ, ತೆಪ್ಪ ದಂಡೆಗೆ ಎಳೆದು ಬಂದಿದ್ದರು.

“ಏನವ್ವಾ ತಂಗಿ, ಏನ್ ಬರ್ಕೊಳ್ಳಾಕತ್ತಿ?”

“ಹಕ್ಕಿ ನೋಡಾಕತ್ತೀನ್ರಿ ಅಜ್ಜಾ. ಮಿಂಚುಳ್ಳಿ.”

ಅಜ್ಜ ನಕ್ಕು ಪಕ್ಕದಲ್ಲಿ ಕುಳಿತರು. ಬೀಡಿ ಹಚ್ಚಿ, ಹಕ್ಕಿ ಬೀಳುತ್ತಿದ್ದ ಕಡೆಗೇ ಬೆರಳು ಚಾಚಿದರು. “ಅದು ಈಗ ಮೀನ ಹಿಡೀತಲ್ಲ, ಅಲ್ಲೇ ನೋಡ್ರಿ ನಮ್ಮ ಮನಿ ಇತ್ತು. ಮುಂದ ಕಟ್ಟಿ, ಕಟ್ಟೀಗೆ ಒಂದು ಬೇವಿನ ಗಿಡ. ನಾ ಅಲ್ಲೇ ಹುಟ್ಟಿದಾಂವ.”

ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಅಜ್ಜನಿಗೆ ಅದು ಹೊಸ ಮಾತಲ್ಲ, ಹೊಗೆ ಬಿಟ್ಟು, “ನೀರ ಇಳದಾಗ ಬುನಾದಿ ಕಲ್ಲ ಕಾಣತಾವ್ರಿ. ಒಮ್ಮೊಮ್ಮೆ ಹೋಗಿ ನಿಂತ್ ಬರ್ತೀನಿ” ಎಂದರು. ಆಮೇಲೆ ಅವರೇ ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋದರು, ಹಕ್ಕಿಯ ಮನೆ ತೋರಿಸುತ್ತೇನೆಂದು.

ದಾರಿಯಲ್ಲಿ ಇನ್ನೆರಡು ಬಂಧುಗಳ ದರ್ಶನವಾಯಿತು. ಆಪಿನ ಮೇಲೆ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದಾದ ಕಿರು ಮಿಂಚುಳ್ಳಿ ಕುಳಿತಿತ್ತು. ಹೊಟ್ಟೆ ಕಿತ್ತಳೆ, ಬೆನ್ನು ಕಣ್ಣು ಕೋರೈಸುವ ನೀಲಿ. ಕೆಳಕೊಕ್ಕು ಕೆಂಪಾಗಿದ್ದುದರಿಂದ ಹೆಣ್ಣೆಂದು ತಿಳಿಯಿತು. ಎದ್ದು ಹಾರಿದರೆ ನೀರಿನ ಮೇಲೆ ಒಂದು ನೀಲಿ ಗೆರೆ ಎಳೆದಂತೆ, ಅಷ್ಟೇ. ಮಿಂಚುಳ್ಳಿ ಎಂಬ ಹೆಸರು ಇದನ್ನು ನೋಡಿಯೇ ಬಂದಿರಬೇಕು. ಆಶ್ಚರ್ಯವೆಂದರೆ ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಕಿತ್ತಳೆ ನಿಜವಾದ ಬಣ್ಣ. ನೀಲಿ ಮಾತ್ರ ಗರಿಯ ಒಳಗಿನ ಅತಿ ಸೂಕ್ಷ್ಮವಾದ ಸ್ಪಂಜಿನಂಥ ರಚನೆಯಿಂದ ಬೆಳಕು ಚದುರಿ ಹುಟ್ಟುವ ಆಟ. ಹಾಗಾಗಿಯೇ ಅದು ಬಿಸಿಲಿಗೆ ಮಾಸುವುದಿಲ್ಲ. ಚೀನಾ ದೇಶದಲ್ಲಿ ಶತಮಾನಗಳ ಕಾಲ ಮಿಂಚುಳ್ಳಿಯ ಗರಿಗಳನ್ನು ಚಿನ್ನ ಬೆಳ್ಳಿಯ ತಲೆಯೊಡವೆಗಳಿಗೆ ಅಂಟಿಸುತ್ತಿದ್ದರು. ವಸ್ತುಸಂಗ್ರಹಾಲಯಗಳಲ್ಲಿ ಅವು ಇಂದಿಗೂ ಹೊಳೆಯುತ್ತವೆ. ಒಡವೆ ಹೊಳೆಯಲು ಎಷ್ಟು ಹಕ್ಕಿಗಳು ಸತ್ತವೋ ಲೆಕ್ಕವಿಟ್ಟವರಾರು? ಇದೇ ಹಕ್ಕಿಯ ಕೊಕ್ಕು ಜಪಾನಿನ ರೈಲಿಗೂ ಉಪಕಾರ ಮಾಡಿದೆ. ಬುಲೆಟ್ ರೈಲು ಸುರಂಗದಿಂದ ಹೊರಬರುವಾಗ ಗುಂಡು ಹಾರಿದಂತೆ ಸದ್ದಾಗಿ ಜನ ದೂರುತ್ತಿದ್ದರು. ಹಕ್ಕಿಪ್ರೇಮಿಯೂ ಆಗಿದ್ದ ಎಂಜಿನಿಯರ್ ಐಜಿ ನಕಾತ್ಸು ಅವರು, ಗಾಳಿಯಿಂದ ನೀರಿಗೆ ಹೆಚ್ಚು ಚಿಮ್ಮಿಸದೆ ನುಗ್ಗುವ ಮಿಂಚುಳ್ಳಿಯ ಕೊಕ್ಕನ್ನು ನೆನೆದು ಮುಂಭಾಗವನ್ನು ಉದ್ದವಾಗಿ ಚೂಪು ಮಾಡಿಸಿದರು. 1997ರಲ್ಲಿ ಆ ರೈಲು ಓಡತೊಡಗಿತು.

ಇನ್ನೊಂದು, ತಂತಿಯ ಮೇಲೆ ಕುಳಿತ ಗದ್ದೆ ಮಿಂಚುಳ್ಳಿ. ಕಂದು ತಲೆ, ಬಿಳಿ ಕೊರಳು, ಕೆಂಪು ಕೊಕ್ಕು, ನೀಲಿ ಬೆನ್ನು. ನೀರಿನ ಹಂಗಿಲ್ಲದೆ ಜೋಳದ ಹೊಲದಲ್ಲಿ ಮಿಡತೆ, ಹಲ್ಲಿ, ಇಲಿಮರಿ ಹಿಡಿದುಕೊಂಡು ಬದುಕುತ್ತದೆ. ಕ್ಯಾಲೆಂಡರಿನ ದ್ವೀಪದ ಹಕ್ಕಿಗೆ ರೂಪದಲ್ಲಿಯೂ ಸ್ವಭಾವದಲ್ಲಿಯೂ ಇದೇ ಹತ್ತಿರದ ನೆಂಟ. ತಂತಿಯ ಮೇಲೆ ಕುಳಿತ ನೀಲಕಂಠವನ್ನೂ ಇದನ್ನೂ ಒಂದೇ ಎನ್ನುವವರು ಬಹಳ ಜನ. ನೀಲಕಂಠ ನಮ್ಮ ರಾಜ್ಯದ ಹಕ್ಕಿ, ಗದ್ದೆ ಮಿಂಚುಳ್ಳಿ ಪಶ್ಚಿಮ ಬಂಗಾಳದ್ದು. ಕೊಕ್ಕು ನೋಡಿ: ಕೆಂಪಗೆ ಉದ್ದವಾಗಿದ್ದರೆ ಅದು ಮಿಂಚುಳ್ಳಿ.

ಅಜ್ಜ ತೋರಿಸಿದ ‘ಮನೆ’ ನೀರಿನಿಂದ ಎರಡಾಳು ಎತ್ತರದ ಕಡಿದಾದ ದಂಡೆಯಲ್ಲಿತ್ತು. ಮೆಕ್ಕಲು ಮಣ್ಣಿನಲ್ಲಿ ಮುಷ್ಟಿ ತೂರುವಷ್ಟು ದುಂಡನೆಯ ಬಿಲ. ಬಾಯಿಯ ಕೆಳಗೆ ಬಿಳಿ ಹಿಕ್ಕೆಯ ಗೆರೆ. ಗಂಡು ಹೆಣ್ಣು ಎರಡೂ ಕೊಕ್ಕಿನಿಂದ ಕುಕ್ಕಿ, ಕಾಲಿನಿಂದ ಮಣ್ಣು ಹಿಂದಕ್ಕೆ ಒದ್ದು ಮೂರು ನಾಲ್ಕು ಅಡಿಯ ಸುರಂಗ ತೋಡುತ್ತವೆ. ತುದಿಯಲ್ಲಿ ಸಣ್ಣ ಕೋಣೆ. ಹಾಸಿಗೆ ಏನೂ ಇಲ್ಲ; ತಿಂದು ಉಗುಳಿದ ಮೀನಿನ ಮುಳ್ಳೇ ಹಾಸಿಗೆ. ಕತ್ತಲಲ್ಲಿ ಬಚ್ಚಿಡುವ ಅಗತ್ಯವಿಲ್ಲದ್ದರಿಂದ ಮೊಟ್ಟೆಗಳು ಅಚ್ಚ ಬಿಳಿ. ನಾವು ಐವತ್ತು ಹೆಜ್ಜೆ ದೂರ ಜಾಲಿಯ ಮರೆಯಲ್ಲಿ ಕುಳಿತೆವು. ಅದಕ್ಕಿಂತ ಹತ್ತಿರ ಹೋದರೆ ತಾಯಿತಂದೆ ಒಳಗೆ ಹೋಗಲು ಹೆದರುತ್ತವೆ.

ಹುಡುಗಿಗೆ ಪಟ್ಟಿ ಎಣಿಸುವ ಹುಚ್ಚು ಹಿಡಿದಿತ್ತು. ಒಂದು ಪಟ್ಟಿಯದು ಮೀನು ತಂದಿತು. ಎರಡು ಪಟ್ಟಿಯದು ತಂದಿತು. ಆಮೇಲೆ ಎರಡು ಪಟ್ಟಿಯ ಇನ್ನೊಂದು ಬಂತು. ಮೊದಲಿನದು ಕೊಂಬೆಯ ಮೇಲೆ ಕುಳಿತಿರುವಾಗಲೇ! “ಮಾಮಾ, ಇಬ್ಬರು ಅಪ್ಪಂದಿರೇನು?”

ಪ್ರಶ್ನೆ ಚಿಕ್ಕದಲ್ಲ. ಇದೇ ಜಾತಿಯ ಹಕ್ಕಿಯನ್ನು ಹೈಂಜ್-ಉಲ್ರಿಚ್ ರೇಯರ್ ಎಂಬ ವಿಜ್ಞಾನಿ ಕೀನ್ಯ ದೇಶದ ಎರಡು ಸರೋವರಗಳಲ್ಲಿ ವರ್ಷಗಟ್ಟಲೆ ನೋಡಿದರು. ಕೆಲವು ಗೂಡುಗಳಿಗೆ ತಾಯಿತಂದೆಯಲ್ಲದ ಗಂಡು ಹಕ್ಕಿಗಳೂ ಮೀನು ತಂದುಕೊಡುತ್ತಿದ್ದವು. ಕೆಲವು ಹಿಂದಿನ ವರ್ಷದ ಮಕ್ಕಳು. ತಮಗೆ ಜೋಡಿ ಸಿಗದೆ ತಮ್ಮಂದಿರನ್ನು ಸಾಕಲು ನಿಂತವು. ಕೆಲವು ನೆಂಟಸ್ತನವೇ ಇಲ್ಲದ ಪರಕೀಯರು. ನೈವಾಷಾ ಸರೋವರದಲ್ಲಿ ಮೀನು ಹತ್ತಿರ, ಬೇಟೆ ಸುಲಭ. ಅಲ್ಲಿ ಪರಕೀಯ ಬಂದರೆ ಯಜಮಾನ ಅಟ್ಟಿಬಿಡುತ್ತಿದ್ದ. ವಿಕ್ಟೋರಿಯಾ ಸರೋವರದಲ್ಲಿ ಮೀನು ಸಣ್ಣದು, ದೂರ, ನೀರಿನಲ್ಲಿ ಅಲೆ. ಇಬ್ಬರೇ ದುಡಿದರೆ ಮರಿಗಳ ಹೊಟ್ಟೆ ತುಂಬದು. ಅಲ್ಲಿ ಅದೇ ಪರಕೀಯನನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಅವನಿಗೂ ಲಾಭವಿಲ್ಲದಿಲ್ಲ, ಮುಂದಿನ ವರ್ಷ ಆ ಹೆಣ್ಣೇ ಅವನಿಗೆ ಜೋಡಿಯಾಗುವುದುಂಟು. ಕೊಲ್ಹಾರದ ಮೂರನೆಯ ಹಕ್ಕಿ ಮಗನೋ, ಪರಕೀಯನೋ, ಸುಮ್ಮನೆ ಹಾದುಹೋಗುವವನೋ ಒಂದು ಬೆಳಗಿನ ನೋಟದಿಂದ ತೀರ್ಪು ಕೊಡುವುದು ತರವಲ್ಲ. ಆದರೆ ಅಜ್ಜ ಇದನ್ನೆಲ್ಲ ಕೇಳಿ ತಲೆದೂಗಿದರು: “ಬಡತನ ಇದ್ದಲ್ಲಿ ಬೀಗರು ಬೇಕಾಗ್ತಾರ ನೋಡ್ರಿ.”

ಹತ್ತು ಗಂಟೆಯ ಸುಮಾರಿಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಸಲಿಕೆ ಬುಟ್ಟಿ ಹಿಡಿದ ನಾಲ್ವರು ಇಳಿದರು. ನೀರು ಇಳಿದ ಮೇಲೆ ದಂಡೆಯ ಮಣ್ಣು ಇಟ್ಟಂಗಿ ಭಟ್ಟಿಗೆ ಹೋಗುತ್ತದೆ. ಕಡಿದಾದ ದಂಡೆಯೇ ಅವರಿಗೂ ಅನುಕೂಲ. ಮೇಲಿನಿಂದ ಒಂದು ಏಟು ಹಾಕಿದರೆ ಮಣ್ಣು ತಾನೇ ಜರಿಯುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತ ಬರುತ್ತ ಬಿಲದ ನೆತ್ತಿಯ ಮೇಲೆಯೇ ನಿಲ್ಲುವುದರಲ್ಲಿತ್ತು. ಹುಡುಗಿ ನನ್ನ ತೋಳು ಹಿಡಿದಳು. ಹೇಳಬೇಕೆಂದರೆ ನನಗೆ ಎದ್ದು ಹೋಗಿ ಮಾತನಾಡುವ ಧೈರ್ಯವಾಗಲಿಲ್ಲ. ಹೊರಗಿನಿಂದ ಬಂದು ದುರ್ಬೀನು ಹಿಡಿದು ಕುಳಿತವನು, ದಿನಗೂಲಿಯವರಿಗೆ ಯಾವ ಬಾಯಿಂದ ಬೇಡವೆನ್ನಲಿ?

ಅಜ್ಜ ಎದ್ದರು. ಜೋರುಮಾಡಲಿಲ್ಲ. “ಏ ತಮ್ಮಾ, ಇಲ್ಲಿ ಮರಿ ಅದಾವಪ್ಪಾ ಒಳಗ. ಇಪ್ಪತ್ತ ಮಾರು ಆಕಡಿ ಹೊಡಕೋರಿ” ಎಂದರು. ಡ್ರೈವರ್ ಇಳಿದು ಬಗ್ಗಿ ನೋಡಿದ. ಅದೇ ಹೊತ್ತಿಗೆ ಹೆಣ್ಣುಹಕ್ಕಿ ಮೀನು ಕಚ್ಚಿಕೊಂಡು ಬಂದು, ಒಳಗೆ ಹೋಗಲಾರದೆ ಚಿರಿಕ್ ಚಿರಿಕ್ ಎಂದು ಸುತ್ತಿತು. “ಇದಕ್ಕೇನ್ ಮಾರಾಯಾ, ಹಕ್ಕಿ ಹಿಂಗ ಒದರ್ತೈತಿ” ಎಂದು ಗೊಣಗುತ್ತ ಗಾಡಿಯನ್ನು ಮುಂದಕ್ಕೆ ತೆಗೆದ. ಹೋಗುವಾಗ ಅಜ್ಜನಿಗೆ ಹೇಳಿದ: “ಇವತ್ತ ಬಿಟ್ಟೀವಿ ಕಾಕಾ. ನಾಳೆ ಬ್ಯಾರೆ ಗಾಡಿಯಾವ್ರು ಬಂದ್ರ ನಾವ್ ಜವಾಬಲ್ಲ.”

ಅಜ್ಜ ಸುತ್ತಲಿನಿಂದ ಜಾಲಿಯ ಮುಳ್ಳುಕಂಟಿ ಎಳೆದು ತಂದು ದಂಡೆಯ ಮೇಲ್ಭಾಗಕ್ಕೆ ಅಡ್ಡ ಹಾಕಿದರು. ನಾನೂ ಕೈ ಹಚ್ಚಿದೆ. ಮುಳ್ಳು ಚುಚ್ಚಿದ್ದಕ್ಕೆ ಹುಡುಗಿ ನಕ್ಕಳು.

ನೋಡಲು ಹೋಗಬೇಕೆನ್ನುವವರಿಗೆ ಎರಡು ಮಾತು. ನವೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಬೆಳಗಿನ ಹತ್ತರೊಳಗೆ ನೋಡಿ ಮುಗಿಸಬೇಕು, ಆಮೇಲೆ ಬಿಸಿಲು ನಿಲ್ಲಗೊಡದು. ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ. ನೀರು ಸರಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಮೊಳಕಾಲು ಹೂಳುವ ರಾಡಿ ಇರುತ್ತದೆ. ಕಡಿದಾದ ದಂಡೆಯ ತುದಿಯಲ್ಲಂತೂ ನಿಲ್ಲಲೇಬಾರದು. ನಿಮಗೂ ಅಪಾಯ, ಒಳಗಿದ್ದವರಿಗೂ ಅಪಾಯ.

ಮೂರು ವಾರಗಳ ನಂತರ ಬಾಗಲಕೋಟೆಗೆ ಹೋಗುವ ಕೆಲಸ ಬಂತು. ಹುಡುಗಿ ಹಟ ಹಿಡಿದು ಜೊತೆಗೆ ಬಂದಳು. ಕೊಲ್ಹಾರದಲ್ಲಿ ಇಳಿದು ದಂಡೆಗೆ ಹೋದೆವು. ಬಿಲದ ಎಡಕ್ಕೂ ಬಲಕ್ಕೂ ಮಣ್ಣು ತೆಗೆದು ಹೊಂಡ ಬಿದ್ದಿತ್ತು. ನಡುವೆ ಮುಳ್ಳುಕಂಟಿ ಹೊತ್ತ ಒಂದು ತುಂಡು ದಂಡೆ ಹಲ್ಲಿನಂತೆ ನಿಂತಿತ್ತು. ಬಿಲದಲ್ಲಿ ಯಾರೂ ಇರಲಿಲ್ಲ. ನೀರು ಇನ್ನೂ ಇಳಿದಿತ್ತು. ದೂರದಲ್ಲಿ ಕಲ್ಲಿನ ಸಾಲೊಂದು ಹೊರಬಂದಿತ್ತು. ಅದರ ಮೇಲೆ ಅಜ್ಜ ಕುಳಿತು ಬಲೆ ಹೊಲಿಯುತ್ತಿದ್ದರು. ನಮ್ಮನ್ನು ಕಂಡು ಕೈ ಎತ್ತಿ ನಾಲ್ಕು ಬೆರಳು ತೋರಿಸಿದರು.

“ನಾಕೂ ಹಾರಿದ್ವು ತಂಗೀ!” ಎಂದು ಕೂಗಿದ್ದು ಗಾಳಿಯಲ್ಲಿ ಅರ್ಧ ಕೇಳಿತು.

ಹುಡುಗಿ ಪುಸ್ತಕ ತೆಗೆದು ‘4’ ಎಂದು ಬರೆದು, ಪಕ್ಕದಲ್ಲಿ ‘ಅಜ್ಜ ಹೇಳಿದ್ದು, ನಾನು ನೋಡಿದ್ದಲ್ಲ’ ಎಂದು ಸೇರಿಸಿದಳು. ಕ್ಯಾಲೆಂಡರಿನ ಚಿತ್ರ ಇನ್ನೂ ಆ ಪುಸ್ತಕದಲ್ಲಿಯೇ ಇತ್ತು. ಬಸ್ಸಿಗೆ ಹೊತ್ತಾಗಿತ್ತು, ಮೊಸರು ಕೊಂಡು ಹತ್ತಿದೆವು.